ಪ್ರತಿರಕ್ಷೆಯ ವರ್ಣನೆಯಲ್ಲಿ ಕೋಟೆಯ ರೂಪಕ: ಒಂದು ವಿಮರ್ಶೆ

೧

ವಿಜಯಪುರ ನಗರದಲ್ಲಿ ಜೀವಶಾಸ್ತ್ರವನ್ನು ಬೋಧಿಸುವವರು ಉಪಮಾನವನ್ನರಸಿ ದೂರ ಹೋಗಬೇಕಾದುದಿಲ್ಲ. ಮೊದಲನೆಯ ಅಲಿ ಆದಿಲ್‌ಶಹನ ಕಾಲದಲ್ಲಿ, ೧೫೬೫ರ ಸುಮಾರಿಗೆ ಪೂರ್ಣಗೊಂಡ ಕೋಟೆಯ ಗೋಡೆ ಇಂದಿಗೂ ಹಳೆಯ ಊರನ್ನು ಬಳಸಿ ನಿಂತಿದೆ. ಅದರ ಬುರುಜೊಂದರ ಮೇಲೆ ಮಲಿಕ್-ಎ-ಮೈದಾನ್ ತೋಪು ಬಾಯ್ದೆರೆದು ಕುಳಿತಿದೆ. ಆದುದರಿಂದ ಮನುಷ್ಯದೇಹವು ರೋಗಾಣುಗಳನ್ನು ಎದುರಿಸುವ ಬಗೆಯನ್ನು ವಿವರಿಸುವ ಸಂದರ್ಭ ಬಂದಾಗ ನಮ್ಮ ಅಧ್ಯಾಪಕರ ಬಾಯಲ್ಲಿ ಸಹಜವಾಗಿ ಮೂಡುವ ಮಾತು ಒಂದೇ: ದೇಹವೇ ಕೋಟೆ, ಚರ್ಮವೇ ಗೋಡೆ, ಬಿಳಿಯ ರಕ್ತಕಣಗಳೇ ಕಾವಲಿನ ಸೈನಿಕರು, ಪ್ರತಿಕಾಯಗಳೇ ಬಾಣಗಳು, ರೋಗಾಣುಗಳೇ ಮುತ್ತಿಗೆ ಹಾಕಿದ ಶತ್ರುಗಳು. ಇದು ಈ ಊರಿನವರ ಮಾತು ಮಾತ್ರವೂ ಅಲ್ಲ. ಕನ್ನಡದ ಶಾಲಾಪಾಠಗಳು, ಆರೋಗ್ಯ ಪ್ರಚಾರದ ಭಿತ್ತಿಪತ್ರಗಳು, ಪತ್ರಿಕೆಗಳ ವಿಜ್ಞಾನ ಲೇಖನಗಳು ಇವೆಲ್ಲವೂ ಇದೇ ರೂಪಕವನ್ನು ಆಶ್ರಯಿಸಿಕೊಂಡು ಬಂದಿವೆ. ನಾವೂ ಅನೇಕ ವರ್ಷ ಹೀಗೆಯೇ ಪಾಠ ಹೇಳಿದ್ದೇವೆ.

ಈ ಲೇಖನದಲ್ಲಿ ಆ ರೂಪಕವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ನಮ್ಮ ಉದ್ದೇಶ. ವಿಜ್ಞಾನದ ಗದ್ಯವೂ ಗದ್ಯವೇ ಆದುದರಿಂದ ಅದಕ್ಕೂ ಗುಣದೋಷಗಳ ವಿವೇಚನೆ ಸಲ್ಲಬೇಕು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಹೇಳುವ ಪ್ರಯತ್ನ ನಿರಂತರವಾಗಿ ನಡೆದುಬಂದಿದೆ. ಶಬ್ದಗಳನ್ನು ಟಂಕಿಸುವ ವಿಷಯದಲ್ಲಿ ಚರ್ಚೆ ಬೇಕಾದಷ್ಟು ಆಗಿದೆ; ಉಪಮಾನಗಳ ಯೋಗ್ಯಾಯೋಗ್ಯತೆಯ ಚರ್ಚೆ ಅಷ್ಟಾಗಿ ಆಗಿಲ್ಲ. ಓದುವವನ ಮನಸ್ಸಿನಲ್ಲಿ ಪಾರಿಭಾಷಿಕ ಶಬ್ದಕ್ಕಿಂತ ಉಪಮಾನವೇ ಹೆಚ್ಚು ದಿನ ನಿಲ್ಲುವುದರಿಂದ ಈ ಉಪೇಕ್ಷೆ ಸಣ್ಣದಲ್ಲ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದುದು ತರಗತಿಯಲ್ಲಿ ಬಂದ ಒಂದು ಪ್ರಶ್ನೆ. ಬಬಲೇಶ್ವರದ ಕಡೆಯ ಕುರಿಗಾರರ ಮನೆತನದಿಂದ ಬಂದ ವಿದ್ಯಾರ್ಥಿಯೊಬ್ಬನು, ಪಾಠ ಮುಗಿದ ಮೇಲೆ ಎದ್ದು ನಿಂತು, ‘ಸರ್, ನಮ್ಮಪ್ಪ ಒಂದು ದಿನಾನೂ ಹಾಸಿಗಿ ಹಿಡದಾಂವಲ್ಲರೀ; ಅಂವಗ ಶಕ್ತಿ ಕಡಿಮಿ ಆಗಿತ್ತು ಅಂತ ಹ್ಯಾಂಗ ಅನ್ನೂದು?’ ಎಂದು ಕೇಳಿದನು. ಅವನ ತಂದೆಗೆ ತಿಂಗಳುಗಟ್ಟಲೆ ಬಂದುಹೋಗುವ ಜ್ವರ, ರಾತ್ರಿಯ ಬೆವರು, ಸೊಂಟದ ನೋವು. ರೋಗ ಬ್ರುಸೆಲ್ಲೋಸಿಸ್ ಎಂದು ಗೊತ್ತಾಗಿ ಗುಳಿಗೆ ಆರಂಭವಾದ ಎರಡನೆಯ ವಾರದಲ್ಲಿಯೇ ಜ್ವರ ಇಳಿಯಿತು. ಇಳಿದೊಡನೆ ಆತ ಗುಳಿಗೆಯನ್ನು ಬಿಟ್ಟನು. ಕೆಲವು ತಿಂಗಳ ಮೇಲೆ ಜ್ವರ ಮರಳಿತು. ಕೋಟೆಯ ಪಾಠವನ್ನು ಚೆನ್ನಾಗಿ ಕಲಿತಿದ್ದ ಮಗನಿಗೆ ಈ ಎರಡೂ ಸಂಗತಿಗಳು ಅರ್ಥವಾಗಲಿಲ್ಲ: ಗಟ್ಟಿಯಾದ ಕೋಟೆಯೊಳಕ್ಕೆ ಶತ್ರು ಹೇಗೆ ನುಗ್ಗಿದನು? ಸೋತು ಓಡಿದವನು ಎಲ್ಲಿಂದ ಮರಳಿದನು? ಆ ದಿನ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಕರವಾಗಿ ತೋರಲಿಲ್ಲ.

೨

ಮೊದಲು ರೂಪಕದ ಗುಣವನ್ನು ಒಪ್ಪಿಕೊಳ್ಳೋಣ. ೧೮೮೨ರಲ್ಲಿ ಮೆಸ್ಸೀನಾ ನಗರದ ಕಡಲತೀರದಲ್ಲಿ ಇಲ್ಯಾ ಮೆಚ್ನಿಕಾಫನು ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಮುಳ್ಳನ್ನು ಚುಚ್ಚಿ, ಚಲಿಸುವ ಕೋಶಗಳು ಅದರ ಸುತ್ತ ನೆರೆಯುವುದನ್ನು ಕಂಡನು. ಹೊರಗಿನಿಂದ ಬಂದುದನ್ನು ನುಂಗಿ ನಾಶಪಡಿಸುವ ಭಕ್ಷಕಕೋಶಗಳ ಸಿದ್ಧಾಂತ ಅಲ್ಲಿಂದ ಹುಟ್ಟಿತು. ೧೯೦೮ರ ನೊಬೆಲ್ ಪಾರಿತೋಷಕವನ್ನು ಅವನೂ ಪಾಲ್ ಏರ್ಲಿಖನೂ ಹಂಚಿಕೊಂಡರು. ಆ ದೃಶ್ಯವನ್ನು ವರ್ಣಿಸುವವರಿಗೆ ಯುದ್ಧದ ಮಾತು ತಾನಾಗಿ ಒದಗಿದರೆ ಆಶ್ಚರ್ಯವಿಲ್ಲ. ಮೇಲಾಗಿ, ಲಸಿಕೆಯನ್ನು ಹಳ್ಳಿಗಳಿಗೆ ಒಯ್ದವರಿಗೆ ‘ಶತ್ರು ಬರುವ ಮುನ್ನ ಸೈನ್ಯವನ್ನು ತರಬೇತುಗೊಳಿಸುವುದು’ ಎಂಬ ಒಂದು ವಾಕ್ಯ ನೂರು ವಾಕ್ಯಗಳ ಕೆಲಸವನ್ನು ಮಾಡಿಕೊಟ್ಟಿದೆ.

ರೋಗಾಣುಗಳು ಪ್ರತಿರಕ್ಷೆಯಿಂದ ತಪ್ಪಿಸಿಕೊಳ್ಳುವ ಕೆಲವು ಬಗೆಗಳಿಗೂ ಈ ರೂಪಕ ಸರಿಹೊಂದುತ್ತದೆ. ನ್ಯುಮೋನಿಯಾವನ್ನುಂಟುಮಾಡುವ ನ್ಯುಮೋಕಾಕಸ್ ತನ್ನ ಮೈಸುತ್ತ ಶರ್ಕರದ ದಪ್ಪ ಹೊದಿಕೆಯನ್ನು ಹೊಂದಿದೆ. ಭಕ್ಷಕಕೋಶವು ಅದನ್ನು ಹಿಡಿಯಲು ಹೋದರೆ ಹಿಡಿತ ಸಿಕ್ಕುವುದಿಲ್ಲ. ಇದನ್ನು ಕವಚವೆಂದರೆ ತಪ್ಪಿಲ್ಲ. ಕುರು ಕೀವುಗಳಿಗೆ ಕಾರಣವಾದ ಸ್ಟ್ಯಾಫಿಲೋಕಾಕಸ್ ಆರಿಯಸ್ ‘ಪ್ರೋಟೀನ್ ಎ’ ಎಂಬ ವಸ್ತುವಿನಿಂದ ಪ್ರತಿಕಾಯವನ್ನು ಅದರ ಬುಡದಲ್ಲಿ ಹಿಡಿದು ತಲೆಕೆಳಗು ಮಾಡುತ್ತದೆ. ಭಕ್ಷಕಕೋಶವು ಹಿಡಿಯಬೇಕಾದ ತುದಿ ಹೀಗೆ ಮುಚ್ಚಿಹೋಗುತ್ತದೆ. ಬಾಣವನ್ನು ಹಿಮ್ಮೊಗವಾಗಿ ತಿರುಗಿಸಿದಂತೆ ಎನ್ನಬಹುದು. ಗೊನೋರಿಯಾದ ರೋಗಾಣು ತನ್ನ ಹೊರಮೈಯ ಪ್ರೋಟೀನುಗಳನ್ನು ಮೇಲಿಂದ ಮೇಲೆ ಬದಲಾಯಿಸುತ್ತದೆ. ನಿನ್ನೆ ಸಿದ್ಧವಾದ ಪ್ರತಿಕಾಯ ಇಂದಿನ ರೂಪವನ್ನು ಗುರುತಿಸಲಾರದು. ಇದು ವೇಷಾಂತರ. ಕವಚ, ಹಿಮ್ಮೊಗವಾದ ಬಾಣ, ವೇಷಾಂತರ ಈ ಮೂರೂ ಯುದ್ಧವಾರ್ತೆಯ ಸಾಮಗ್ರಿಗಳೇ ಆದುದರಿಂದ ಇಲ್ಲಿ ಉಪಮಾನಕ್ಕೂ ಉಪಮೇಯಕ್ಕೂ ಸಾಧಾರಣಧರ್ಮವುಂಟು. ನಮ್ಮ ಆಕ್ಷೇಪಣೆ ಇವುಗಳ ಮೇಲಲ್ಲ.

೩

ಇನ್ನು ನಮ್ಮ ನೆಲದ ರೋಗಾಣುವಿನ ಕಡೆಗೆ ತಿರುಗೋಣ. ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ತಿಕೋಟಾ, ನೈರುತ್ಯಕ್ಕೆ ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ. ಈ ಎರಡೂ ಊರುಗಳು ಮೊದಲು ವಿಜಯಪುರ ತಾಲ್ಲೂಕಿನಲ್ಲಿದ್ದು ಈಚೆಗೆ ತಾವೇ ತಾಲ್ಲೂಕು ಕೇಂದ್ರಗಳಾಗಿವೆ. ನೀರಾವರಿ ಬಂದ ಕಡೆ ದ್ರಾಕ್ಷಿ, ಕಬ್ಬು ಬೆಳೆದಿವೆ. ಆದರೆ ಕುರಿ, ಆಡು, ಎಮ್ಮೆಗಳನ್ನು ಸಾಕುವ ಜೀವನ ಹಿಂದೆ ಸರಿದಿಲ್ಲ. ಈ ಪ್ರದೇಶದಲ್ಲಿ ಬ್ರುಸೆಲ್ಲೋಸಿಸ್ ನೆಲೆಯೂರಿದ ರೋಗವೆಂಬುದನ್ನು ವಿಜಯಪುರದ ಬಿ. ಎಲ್. ಡಿ. ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಸ್ಥಾಪಿಸಿದ್ದಾರೆ. ಬಿ. ಜಿ. ಮಂಟೂರ ಮತ್ತು ಅವರ ಸಹೋದ್ಯೋಗಿಗಳು ೧೬ ವರ್ಷಗಳ ಅವಧಿಯಲ್ಲಿ ಗುರುತಿಸಿದ ೪೯೫ ಮಂದಿ ವಯಸ್ಕ ರೋಗಿಗಳ ವಿವರವನ್ನು ೨೦೦೬ರಲ್ಲಿ ಪ್ರಕಟಿಸಿದರು. ಆ ಪ್ರಬಂಧದ ಶೀರ್ಷಿಕೆಯೇ ಈ ರೋಗವು ನಾನಾರೂಪಿಯಾದುದೆಂದೂ ಅದನ್ನು ಗುರುತಿಸುವುದು ಕಷ್ಟವೆಂದೂ ಹೇಳುತ್ತದೆ. ಮಕ್ಕಳಲ್ಲಿಯ ರೋಗವನ್ನು ಕುರಿತು ಅವರದೇ ಇನ್ನೊಂದು ಪ್ರಬಂಧ ೨೦೦೪ರಲ್ಲಿ ಬಂದಿತ್ತು.

ರೋಗದ ಚರಿತ್ರೆ ಬಹಳ ಹಳೆಯದು. ೧೮೮೭ರಲ್ಲಿ ಡೇವಿಡ್ ಬ್ರೂಸನು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಈ ಸೂಕ್ಷ್ಮಾಣುವನ್ನು ಕಂಡನು. ೧೯೦೫ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೊಕ್ಲೀಸ್ ಜಾಮಿತನು, ನೋಡುವುದಕ್ಕೆ ಆರೋಗ್ಯವಾಗಿದ್ದ ಆಡುಗಳ ರಕ್ತದಲ್ಲಿ ಸೋಂಕಿನ ಗುರುತನ್ನು ಕಂಡುಹಿಡಿದನು. ಹಸಿಹಾಲೇ ಜ್ವರದ ದಾರಿಯೆಂಬುದು ಅದರಿಂದ ಗೊತ್ತಾಯಿತು. ಮರುವರ್ಷ ದಂಡಿನವರಿಗೆ ಆಡಿನ ಹಾಲು ನಿಷಿದ್ಧವಾದೊಡನೆ ಸೈನಿಕರಲ್ಲಿ ಜ್ವರ ಥಟ್ಟನೆ ಇಳಿಯಿತು. ನಮ್ಮಲ್ಲಿಯೂ ದಾರಿಗಳು ಇವೇ: ಕಾಯಿಸದ ಹಾಲು, ಮತ್ತು ಕಂದು ಹಾಕಿದ ಕುರಿ ಆಡುಗಳ ಮಾಸನ್ನು ಬರಿಗೈಯಿಂದ ತೆಗೆಯುವುದು.

ಒಳಹೊಕ್ಕ ಮೇಲೆ ಬ್ರುಸೆಲ್ಲಾ ಏನು ಮಾಡುತ್ತದೆ? ಅದಕ್ಕೆ ನ್ಯುಮೋಕಾಕಸಿನಂಥ ದಪ್ಪ ಕವಚವಿಲ್ಲ. ಕಾಲರಾ, ಡಿಫ್ತೀರಿಯಾಗಳ ರೋಗಾಣುಗಳಂತೆ ವಿಷವನ್ನು ಕಾರುವುದಿಲ್ಲ. ನಮ್ಮ ಕೋಶಗಳು ರೋಗಾಣುವನ್ನು ಗುರುತಿಸುವುದು ಕೆಲವು ಗ್ರಾಹಕಗಳಿಂದ. ಅನೇಕ ಸೂಕ್ಷ್ಮಾಣುಗಳ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ಎಂಬ ಕೊಬ್ಬು-ಶರ್ಕರ ಸಂಯುಕ್ತವನ್ನು ಗುರುತಿಸುವ ಗ್ರಾಹಕಕ್ಕೆ ಟಿ.ಎಲ್.ಆರ್.-೪ ಎಂದು ಹೆಸರು. ಈ ಸಂಬಂಧವನ್ನು ೧೯೯೮ರಲ್ಲಿ ಬ್ರೂಸ್ ಬಾಯ್ಟ್‌ಲರನು ತೋರಿಸಿಕೊಟ್ಟು ೨೦೧೧ರ ನೊಬೆಲಿಗೆ ಭಾಗಿಯಾದನು. ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಆ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೂ ಚಳಿಜ್ವರವೇಳುತ್ತದೆ. ಬ್ರುಸೆಲ್ಲಾದ ಅದೇ ವಸ್ತುವಿನಲ್ಲಿ ಕೊಬ್ಬಿನ ಆಮ್ಲಗಳ ಸರಪಣಿ ಬಹಳ ಉದ್ದ; ಗ್ರಾಹಕಕ್ಕೆ ಅದು ಸರಿಯಾಗಿ ಕೂಡುವುದಿಲ್ಲವಾದುದರಿಂದ ಎಚ್ಚರಿಕೆ ಎಷ್ಟೋ ಪಟ್ಟು ದುರ್ಬಲವಾಗಿ ಹೊರಡುತ್ತದೆ. ಕಶಾಂಗದ ಪ್ರೋಟೀನನ್ನು ಗುರುತಿಸುವ ಇನ್ನೊಂದು ಗ್ರಾಹಕವುಂಟು. ಬ್ರುಸೆಲ್ಲಾದ ಆ ಪ್ರೋಟೀನಿನಲ್ಲಿ ಗ್ರಾಹಕವು ಹಿಡಿಯುವ ಭಾಗವೇ ಇಲ್ಲ. ಇಷ್ಟಾದರೂ ಹೊರಟ ಅಲ್ಪಸ್ವಲ್ಪ ಎಚ್ಚರಿಕೆಯನ್ನು, ಗ್ರಾಹಕದ ಒಳತುದಿಯನ್ನು ಹೋಲುವ ತನ್ನದೊಂದು ಪ್ರೋಟೀನಿನಿಂದ, ಅದು ನಡುದಾರಿಯಲ್ಲಿ ತಡೆಯುತ್ತದೆ.

ಅನಂತರದ ಘಟ್ಟ ಇನ್ನೂ ವಿಚಾರಾರ್ಹ. ಭಕ್ಷಕಕೋಶವು ಬ್ರುಸೆಲ್ಲಾವನ್ನು ನುಂಗುತ್ತದೆ. ನುಂಗಿದುದನ್ನು ಚೀಲವೊಂದರಲ್ಲಿ ಮುಚ್ಚಿ, ಆಮ್ಲವನ್ನೂ ಪಾಚಕರಸಗಳನ್ನೂ ಅದಕ್ಕೆ ಸೇರಿಸುವುದು ಕೋಶದ ಕ್ರಮ. ನುಂಗಲ್ಪಟ್ಟ ಬ್ರುಸೆಲ್ಲಾಗಳಲ್ಲಿ ಹೆಚ್ಚಿನವು ಹೀಗೆಯೇ ಸಾಯುತ್ತವೆ. ಆದರೆ ಉಳಿದ ಕೆಲವಕ್ಕೆ ಆ ಆಮ್ಲವೇ ಸೂಚನೆಯಾಗುತ್ತದೆ: ಆಮ್ಲದ ಸ್ಪರ್ಶದಿಂದ ವಿರ್-ಬಿ ಎಂಬ ಸ್ರಾವಯಂತ್ರ ಸಿದ್ಧವಾಗಿ, ಅದರ ಮೂಲಕ ಹೊರಟ ಪ್ರೋಟೀನುಗಳು ಚೀಲದ ದಾರಿಯನ್ನು ತಿರುಗಿಸುತ್ತವೆ. ಚೀಲವು ಲೈಸೋಸೋಮಿನ ಕಡೆಗೆ ಹೋಗದೆ, ಕೋಶವು ತನ್ನ ಪ್ರೋಟೀನುಗಳನ್ನು ತಯಾರಿಸಿಕೊಳ್ಳುವ ಎಂಡೋಪ್ಲಾಸ್ಮಿಕ್ ಜಾಲವನ್ನು ಸೇರುತ್ತದೆ. ಅಲ್ಲಿ ರೋಗಾಣು ನಿಧಾನವಾಗಿ ವೃದ್ಧಿಹೊಂದುತ್ತದೆ. ಆಶ್ರಯಕೊಟ್ಟ ಕೋಶವನ್ನು ಅದು ಬೇಗನೆ ಕೊಲ್ಲುವುದಿಲ್ಲ. ಸಾಯಬೇಕಾದ ಕೋಶವನ್ನು ಸಾಯದಂತೆ ಉಳಿಸಿಕೊಳ್ಳುವುದೂ ಉಂಟು. ಗುಲ್ಮ, ಯಕೃತ್ತು, ಎಲುಬಿನ ಮಜ್ಜೆ ಮೊದಲಾದ ಕಡೆಗಳಿಗೆ ಭಕ್ಷಕಕೋಶವೇ ಅದನ್ನು ಹೊತ್ತುಕೊಂಡು ಹೋಗುತ್ತದೆ.

೪

ಈಗ ರೂಪಕವನ್ನು ಈ ಸಂಗತಿಗಳ ಎದುರಿಗೆ ಇಟ್ಟು ನೋಡಬೇಕು. ಮೂರು ಸ್ಥಾನಗಳಲ್ಲಿ ಅದು ಸೋಲುತ್ತದೆಂದು ನಮ್ಮ ಅಭಿಪ್ರಾಯ.

ಮೊದಲನೆಯದು ಗೋಡೆ. ಕೋಟೆಯ ರೂಪಕದಲ್ಲಿ ಒಳಗು ಸುರಕ್ಷಿತ, ಹೊರಗು ಅಪಾಯಕರ. ಗೋಡೆ ಒಡೆದರೆ ಸೋಲು. ಬ್ರುಸೆಲ್ಲಾದ ವಿಷಯದಲ್ಲಿ ಕಾವಲುಗಾರನೇ ಬಾಗಿಲು, ಅವನೇ ಮನೆ, ಅವನೇ ವಾಹನ. ‘ಸೈನಿಕ’ ಎಂದು ಹೆಸರಿಟ್ಟ ಕೋಶದ ಹೊಟ್ಟೆಯಲ್ಲಿಯೇ ‘ಶತ್ರು’ ವಾಸವಾಗಿದ್ದಾನೆಂದರೆ ಆ ಎರಡು ಹೆಸರುಗಳೂ ಅರ್ಥಹೀನವಾಗುತ್ತವೆ. ಕ್ಷಯದ ರೋಗಾಣುವೂ ಭಕ್ಷಕಕೋಶದ ಚೀಲವು ಪಕ್ವವಾಗದಂತೆ ತಡೆದು ಅದರಲ್ಲಿಯೇ ವರ್ಷಗಟ್ಟಲೆ ಇರಬಲ್ಲದು. ಹಾಗಾಗಿ ಇದನ್ನು ಯಾವುದೋ ಅಪೂರ್ವ ರೋಗದ ವಿಶೇಷವೆಂದು ತಳ್ಳಿಹಾಕುವಂತಿಲ್ಲ.

ಎರಡನೆಯದು ಗದ್ದಲ. ಯುದ್ಧವೆಂದಮೇಲೆ ರಣಭೇರಿ, ತೋಪಿನ ಶಬ್ದ, ಹಾಹಾಕಾರ ಇರಲೇಬೇಕು. ಅದರಿಂದ ಓದುಗನಿಗೆ, ಸೋಂಕೆಂದರೆ ಥಟ್ಟನೆ ಏರುವ ಜ್ವರ, ಊತ, ಕೀವು ಎಂಬ ನಿರೀಕ್ಷೆ ಬೇರೂರುತ್ತದೆ. ಬ್ರುಸೆಲ್ಲಾ ಒಳಹೊಕ್ಕು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದ ಮೇಲೆ ಜ್ವರ ತೋರುತ್ತದೆ. ಅದೂ ಏರಿಳಿಯುತ್ತ ಬರುತ್ತದೆ. ಮೈಕೈ ನೋವು, ಬೆವರು, ನಿರುತ್ಸಾಹ ಇಷ್ಟೇ ಅನೇಕರ ಲಕ್ಷಣ. ಇಂಥ ರೋಗಿ ತಾನೂ ಕಾಯುತ್ತಾನೆ, ನೋಡುವವರೂ ವಿಷಮಶೀತಜ್ವರವೋ ಕ್ಷಯವೋ ಸಂಧಿವಾತವೋ ಎಂದು ಬಗೆಯುವ ಸಂಭವವುಂಟು. ಗದ್ದಲವಿಲ್ಲದಿರುವುದೇ ಇಲ್ಲಿ ರೋಗದ ಸ್ವರೂಪ. ಗದ್ದಲವನ್ನೇ ಲಕ್ಷಣವೆಂದು ಕಲಿಸುವ ರೂಪಕವು ಕಣ್ಣನ್ನು ಬೇರೆ ಕಡೆಗೆ ತಿರುಗಿಸುತ್ತದೆ.

ಮೂರನೆಯದು ಜಯ. ಯುದ್ಧಕ್ಕೆ ಒಂದು ಕೊನೆಯ ದಿನವುಂಟು. ಶತ್ರು ಹಿಮ್ಮೆಟ್ಟಿದ ದಿನ ಜಯಘೋಷ. ಜ್ವರ ಇಳಿದ ದಿನವನ್ನು ಜಯದ ದಿನವೆಂದು ತಿಳಿದ ಕುರಿಗಾರನು ಗುಳಿಗೆಯನ್ನು ಬಿಟ್ಟರೆ ಅವನನ್ನು ಅವಿವೇಕಿಯೆನ್ನಲಾಗದು. ನಾವು ಕಲಿಸಿದ ರೂಪಕದ ತರ್ಕವನ್ನೇ ಅವನು ಪಾಲಿಸಿದ್ದಾನೆ. ಬ್ರುಸೆಲ್ಲೋಸಿಸಿಗೆ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಔಷಧಗಳನ್ನು ಕೂಡಿಸಿ ೬ ವಾರ ಕೊಡಬೇಕೆಂದು, ಇಲ್ಲವೆ ಡಾಕ್ಸಿಸೈಕ್ಲಿನಿನ ೬ ವಾರಗಳ ಜೊತೆಗೆ ಮೊದಲ ಕೆಲವು ವಾರ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೧೯೮೬ರಲ್ಲಿ ಸೂಚಿಸಿತು. ಈ ದೀರ್ಘಾವಧಿಗೆ ಕಾರಣ ರೋಗಾಣುವಿನ ಬಲವಲ್ಲ, ಅದರ ವಾಸಸ್ಥಾನ. ಔಷಧವು ಕೋಶದ ಒಳಹೊಕ್ಕು, ನಿಧಾನವಾಗಿ ಬೆಳೆಯುವ ಜೀವಿಯನ್ನು ಅದರ ಆಶ್ರಯದಲ್ಲಿಯೇ ಮುಟ್ಟಬೇಕು. ನಡುವೆ ಬಿಟ್ಟರೆ ಉಳಿದವುಗಳಿಂದ ರೋಗ ಮರುಕಳಿಸುತ್ತದೆ.

ನಮ್ಮ ಊರಿನ ಇತಿಹಾಸವೂ ಕೋಟೆಯ ರೂಪಕದ ಪರವಾಗಿ ಸಾಕ್ಷಿ ನುಡಿಯುವುದಿಲ್ಲ. ೧೬೮೬ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಮುತ್ತಿಗೆಗೆ ವಿಜಯಪುರ ಶರಣಾಯಿತು. ಎರಡು ವರ್ಷಗಳ ತರುವಾಯ, ೧೬೮೮ರಲ್ಲಿ, ಇತಿಹಾಸಕಾರರು ಗಡ್ಡೆಯ ಪ್ಲೇಗೆಂದು ಗುರುತಿಸುವ ಮಾರಿ ಊರಿಗೆ ಬಂದಿತು. ಗೆದ್ದ ಬಾದಶಹನ ಪತ್ನಿ ಔರಂಗಾಬಾದಿ ಮಹಲಳೇ ಅದಕ್ಕೆ ತುತ್ತಾದಳು. ಗೋಡೆಯ ಒಳಗಿದ್ದವರು, ಹೊರಗಿದ್ದವರು, ಸೋತವರು, ಗೆದ್ದವರು ಎಂಬ ಭೇದ ಆ ಮಾರಿಗಿರಲಿಲ್ಲ. ಪ್ಲೇಗಿನ ರೋಗಾಣು ಚಿಗಟದ ತಂಪು ಮೈಯಲ್ಲಿರುವಾಗ ಅದರ ಲಿಪೊಪಾಲಿಸ್ಯಾಕರೈಡಿನಲ್ಲಿ ಕೊಬ್ಬಿನ ಸರಪಣಿಗಳು ಸಾಮಾನ್ಯವಾಗಿ ಆರು; ಮನುಷ್ಯನ ೩೭ ಡಿಗ್ರಿ ಶಾಖದಲ್ಲಿ ಅವು ನಾಲ್ಕಕ್ಕಿಳಿದು ಟಿ.ಎಲ್.ಆರ್.-೪ಕ್ಕೆ ಗುರುತು ಸಿಗದಂತಾಗುತ್ತದೆಯೆಂದು ಇಂದು ತಿಳಿದಿದೆ. ಹೀಗೆ ಅತ್ಯುಗ್ರವಾದ ಪ್ಲೇಗೂ ತನ್ನ ಮೊದಲ ಗಳಿಗೆಗಳನ್ನು ಮೌನದಲ್ಲಿಯೇ ಕಳೆಯುತ್ತದೆ.

೫

ರೂಪಕದ ದೋಷ ಪಾರಿಭಾಷಿಕ ಶಬ್ದಕ್ಕೂ ಹಬ್ಬಿದೆ. ಕನ್ನಡದಲ್ಲಿ ಬಹುಪ್ರಚಲಿತವಾದ ಮಾತು ‘ರೋಗನಿರೋಧಕ ಶಕ್ತಿ’. ‘ನಿರೋಧ’ವೆಂದರೆ ತಡೆ; ಅದು ಮತ್ತೆ ಗೋಡೆಯೇ. ‘ಶಕ್ತಿ’ಯೆಂದರೆ ಹೆಚ್ಚು ಕಡಿಮೆಯಾಗುವ ಒಂದು ಪರಿಮಾಣ. ಆದುದರಿಂದಲೇ ‘ಶಕ್ತಿ ಹೆಚ್ಚಿಸುವ’ ಪುಡಿ ಲೇಹ್ಯಗಳ ಮಾರಾಟ ಸುಲಭವಾಗಿದೆ. ಅದಕ್ಕಿಂತ ಶೋಚನೀಯವಾಗಿ, ರೋಗ ಬಂದವನು ಅಶಕ್ತನೆಂಬ ಭಾವನೆ ಮೂಡಿದೆ. ನಮ್ಮ ವಿದ್ಯಾರ್ಥಿಯನ್ನು ನೋಯಿಸಿದುದು ಈ ಭಾವನೆಯೇ. ಅವನ ತಂದೆಯ ಭಕ್ಷಕಕೋಶಗಳು ಅಶಕ್ತವಾಗಿರಲಿಲ್ಲ. ಅವು ತಮ್ಮ ಕೆಲಸದಂತೆ ನುಂಗಿದವು. ಕೊರತೆಯಾದುದು ಗುರುತಿನಲ್ಲಿ. ಅವನಿಗೆ ರೋಗ ಬಂದುದು ಕಸುವು ಕಡಿಮೆಯಾದುದರಿಂದಲ್ಲ. ಕುರಿಯ ಹೆರಿಗೆಗೆ ಕೈಕೊಟ್ಟುದರಿಂದ, ಹಸಿಹಾಲು ಕುಡಿದುದರಿಂದ. ದುಡಿಮೆಯೇ ದಾರಿಯಾದ ರೋಗಕ್ಕೆ ದೌರ್ಬಲ್ಯವನ್ನು ಕಾರಣವಾಗಿ ಹೇಳುವುದು ಶಾಸ್ತ್ರದೃಷ್ಟಿಯಿಂದ ತಪ್ಪು, ನ್ಯಾಯದೃಷ್ಟಿಯಿಂದಲೂ ತಪ್ಪು. ‘ಪ್ರತಿರಕ್ಷೆ’ ಎಂಬ ಶಬ್ದವೂ ಪೂರ್ಣ ನಿರ್ದುಷ್ಟವಲ್ಲ. ಆದರೂ ಅದರಲ್ಲಿ ಪರಿಮಾಣದ ಸೂಚನೆಯಿಲ್ಲವಾದುದರಿಂದ ಅದನ್ನೇ ನಾವು ಬಳಸುತ್ತೇವೆ.

ಇದೇ ಬಗೆಯ ದೋಷ ಕ್ರಿಯಾಪದಗಳಲ್ಲಿಯೂ ಉಂಟು. ರೋಗಾಣು ‘ಕಣ್ಣಿಗೆ ಮಣ್ಣೆರಚುತ್ತದೆ’, ‘ವಂಚಿಸುತ್ತದೆ’, ‘ಹೊಂಚು ಹಾಕುತ್ತದೆ’ ಎಂದು ಬರೆಯುತ್ತೇವೆ. ಬ್ರುಸೆಲ್ಲಾಕ್ಕೆ ಮನಸ್ಸಿಲ್ಲ, ಸಂಕಲ್ಪವಿಲ್ಲ. ಅಸಂಖ್ಯ ಪೀಳಿಗೆಗಳಲ್ಲಿ ಹೆಚ್ಚು ಗದ್ದಲ ಮಾಡಿದವು ಗುರುತಿಸಲ್ಪಟ್ಟು ನಾಶವಾದವು. ಕಡಿಮೆ ಮಾಡಿದವು ಉಳಿದು ಸಂತಾನ ಪಡೆದವು. ಇಂದು ನಾವು ಕಾಣುವ ‘ಉಪಾಯ’ವು ಆ ಆಯ್ಕೆಯ ಶೇಷ. ಈ ಲೇಖನದಲ್ಲಿಯೂ ‘ತಪ್ಪಿಸಿಕೊಳ್ಳುವ’ ಎಂಬ ಮಾತು ಬಂದಿದೆ. ಭಾಷೆ ನಮಗೆ ಬೇರೆ ಕ್ರಿಯಾಪದವನ್ನು ಸುಲಭವಾಗಿ ಕೊಡುವುದಿಲ್ಲ. ಬಳಸುವಾಗ ಎಚ್ಚರವಿದ್ದರೆ ಸಾಕು.

೬

ಹಾಗಾದರೆ ಕೋಟೆಯನ್ನು ಬಿಟ್ಟವರಿಗೆ ಯಾವುದು ಗತಿ? ಉತ್ತರವು ಇದೇ ನಗರದಲ್ಲಿ ದೊರೆಯುತ್ತದೆ. ೧೬೫೬ರಲ್ಲಿ ಮೃತನಾದ ಮಹಮ್ಮದ್ ಆದಿಲ್‌ಶಹನ ಸಮಾಧಿಯಾದ ಗೋಲಗುಮ್ಮಟದ ಒಳಗೆ, ಸುಮಾರು ೩೮ ಮೀಟರು ವ್ಯಾಸದ ಗುಮ್ಮಟದ ಬುಡದಲ್ಲಿ, ಪಿಸುಮಾತಿನ ಮೊಗಸಾಲೆಯಿದೆ. ಒಂದು ಕಡೆ ಆಡಿದ ಸಣ್ಣ ಮಾತು ಎದುರು ಕಡೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಚಪ್ಪಾಳೆ ಹಲವು ಸಲ ಮಾರ್ದನಿಸುತ್ತದೆ. ದೇಹದ ಎಚ್ಚರಿಕೆಯ ವ್ಯವಸ್ಥೆಯೂ ಇಂಥದು: ಗ್ರಾಹಕಕ್ಕೆ ತಾಗಿದ ಅಲ್ಪ ಸೂಚನೆ ಸಾವಿರ ಮಡಿಯಾಗಿ ಹಬ್ಬಿ ಜ್ವರವಾಗುತ್ತದೆ. ಇ. ಕೋಲಿ ಅಲ್ಲಿ ಚಪ್ಪಾಳೆ ತಟ್ಟುತ್ತದೆ. ಬ್ರುಸೆಲ್ಲಾ ಆ ಗೋಡೆ ಎತ್ತಿಕೊಳ್ಳದ ಸ್ವರದಲ್ಲಿ ನಡೆದುಹೋಗುತ್ತದೆ. ಕಟ್ಟಡ ಗಟ್ಟಿಯೇ? ಗಟ್ಟಿಯೇ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಗಟ್ಟಿತನದ್ದಲ್ಲ, ಕೇಳಿಸುವಿಕೆಯದು.

ಈ ಉಪಮಾನಕ್ಕೂ ಮಿತಿಯುಂಟು. ಮೊಗಸಾಲೆಗೆ ನೆನಪಿಲ್ಲ, ಪ್ರತಿರಕ್ಷೆಗೆ ನೆನಪುಂಟು, ಲಸಿಕೆಗಳು ನಿಂತಿರುವುದೇ ಅದರ ಮೇಲೆ. ನಮ್ಮ ಅಲಂಕಾರಶಾಸ್ತ್ರವು ಉಪಮೆಗೂ ರೂಪಕಕ್ಕೂ ಮಾಡಿದ ಭೇದ ಇಲ್ಲಿ ಉಪಯುಕ್ತವಾಗಿದೆ. ರೂಪಕವು ‘ದೇಹವೇ ಕೋಟೆ’ ಎಂದು ಅಭೇದವನ್ನು ಹೇರುತ್ತದೆ. ಉಪಮೆಯು ‘ಕೋಟೆಯಂತೆ’ ಎಂದು ಎರಡನ್ನೂ ಬೇರೆಯಾಗಿ ಉಳಿಸುತ್ತದೆ. ಕಾವ್ಯಕ್ಕೆ ಅಭೇದ ಭೂಷಣವಾಗಬಹುದು. ಶಾಸ್ತ್ರಗದ್ಯಕ್ಕೆ ‘ಅಂತೆ’ ಎಂಬ ಎರಡಕ್ಷರವೇ ರಕ್ಷೆ. ಸಾಧಾರಣಧರ್ಮ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಉಪಮೆಯನ್ನು ನಿಲ್ಲಿಸಿ, ನಿಲ್ಲಿಸಿದೆವೆಂದು ವಿದ್ಯಾರ್ಥಿಗೆ ಹೇಳುವುದು ಅಧ್ಯಾಪಕನ ಧರ್ಮ.

ಇದು ಕೇವಲ ಶೈಲಿಯ ಪ್ರಶ್ನೆಯೆಂದು ಯಾರೂ ಭಾವಿಸಬಾರದಾಗಿ ಕೋರುತ್ತೇವೆ. ನಮ್ಮ ತರಗತಿಗಳಿಂದ ಹೊರಟವರಲ್ಲಿ ಕೆಲವರು ವೈದ್ಯರಾಗುತ್ತಾರೆ, ಕೆಲವರು ಪಶುವೈದ್ಯರು, ಹೆಚ್ಚಿನವರು ಶಾಲಾಶಿಕ್ಷಕರು. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಬ್ರುಸೆಲ್ಲೋಸಿಸಿನ ಲಸಿಕೆಯನ್ನು ೪ರಿಂದ ೮ ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಏರ್ಪಾಡಾಯಿತು. ಕುರಿ ಆಡುಗಳ ನಡುವೆ ಬಾಳುವವರಿಗೆ ಇಂದಿಗೂ ಮುಖ್ಯವಾದ ರಕ್ಷೆ ಕಾಯಿಸಿದ ಹಾಲು, ಮಾಸು ಮುಟ್ಟುವ ಕೈಗೆ ಚೀಲ, ಮತ್ತು ಎಳೆಯುವ ಜ್ವರಕ್ಕೆ ಸಕಾಲದಲ್ಲಿ ರಕ್ತಪರೀಕ್ಷೆ. ಇವು ಮೂರನ್ನೂ ಹಟ್ಟಿಯವರೆಗೆ ಒಯ್ಯುವುದು ಮಾತೇ. ಆ ಮಾತು ಸರಿಯಾಗಿರಬೇಕು.

ಆ ವಿದ್ಯಾರ್ಥಿಗೆ ನಾವು ಎರಡನೆಯ ಸಲ ಉತ್ತರ ಹೇಳಿದೆವು: ‘ನಿಮ್ಮ ತಂದೆಯವರ ಶಕ್ತಿಯಲ್ಲಿ ಏನೂ ಕಡಿಮೆಯಿರಲಿಲ್ಲ, ಬಂದುದು ಸದ್ದುಮಾಡದೆ ಬಂದಿತು. ಅದು ಹೋಗುವುದೂ ಸದ್ದಿಲ್ಲದೆಯೇ. ಆದುದರಿಂದ ಗುಳಿಗೆಯ ದಿನಗಳನ್ನು ಎಣಿಸಬೇಕು, ಜ್ವರವನ್ನಲ್ಲ.’ ತಂದೆಯು ಆರು ವಾರಗಳನ್ನು ಪೂರ್ತಿ ಮಾಡಿದನೆಂದು ಅವನು ಅನಂತರ ತಿಳಿಸಿದನು. ಒಂದು ಉಪಮಾನವನ್ನು ಬದಲಾಯಿಸಿದುದರ ಫಲ ಇಷ್ಟೇ ಆದರೂ ಅದು ಸಾರ್ಥಕವೆಂದು ನಾವು ಎಣಿಸುತ್ತೇವೆ.